ಮೂರನೆಯ ಗುಂಡಿಯ ಅಂಗಳ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಚಿಕ್ಕವಳಿದ್ದಾಗ ನರಿಕೊಂಬಿನ ಮನೆಯಲ್ಲಿ ಅಮ್ಮ, ಇದು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು ಎಂದು ಬಯ್ಯುತ್ತಿದ್ದರು. ಆಮೇಲೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಮಕ್ಕಳ ಹಿಂದೆ ಓಡಿ ಓಡಿ ಆ ಚಕ್ರಕ್ಕೆ ಒಂದು ಕೆಲಸ ಸಿಕ್ಕಿತ್ತು. ನಿವೃತ್ತಿಯಾದ ಮೇಲೆ ಕಷ್ಟವಾಯಿತು. ಬೆಳಿಗ್ಗೆ ಎದ್ದು ಮನೆಯ ಸುತ್ತ ಗುಡಿಸಿ, ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿ, ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಪೇಪರ್ ಓದುತ್ತಾ ಕೂತ ನನ್ನ ಗಂಡ ತಲೆ ಎತ್ತದೆ ಹೇಳಿದರು: "ನೀನು ಎಲ್ಲಿಗಾದ್ರೂ ಹೋಗು ಮಾರಾಯ್ತಿ. ಪೇಪರಿನ ಅಕ್ಷರ ಎಲ್ಲ ನಿನ್ನೊಟ್ಟಿಗೆ ನಡೀತಾ ಉಂಟು."

ಹಾಗೆ ನಾನು ಗಾಲ್ಫ್ ಆಡಲು ಹೋದದ್ದು. ನಗಬೇಡಿ. ನಮ್ಮ ಮನೆ ಇರುವುದು ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ, ಒಂದು ದೊಡ್ಡ ಪದವಿನ ಬುಡದಲ್ಲಿ. ಗುಡ್ಡದ ನೆತ್ತಿ ಚಪ್ಪಟೆಯಾಗಿ ಹರಡಿಕೊಂಡ ಕೆಂಪು ಮುರಕಲ್ಲಿನ ಬಯಲಿಗೆ ನಾವು ಪದವು ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲೆತ್ತರ ಹುಲ್ಲು, ಬೇಸಗೆಯಲ್ಲಿ ಕಾಲಿಟ್ಟರೆ ಕಾದ ಕಾವಲಿ. ಪ್ರವಾಸಿಗಳು ಬರುತ್ತಾರೆಂದು ಸರ್ಕಾರದವರು ಅಲ್ಲೊಂದು ಒಂಬತ್ತು ಗುಂಡಿಯ ಗಾಲ್ಫ್ ಮೈದಾನ ಮಾಡಿದರು. ಪ್ರವಾಸಿಗಳು ಬರಲಿಲ್ಲ. ಕಡೆಗೆ ಅದನ್ನು ಸಾರ್ವಜನಿಕರಿಗೆ ಬಿಟ್ಟರು, ಬಾಗಿಲಲ್ಲಿ ಚೀಟಿ ತೆಗೆದುಕೊಂಡರೆ ಯಾರು ಬೇಕಾದರೂ ಆಡಬಹುದು. ನೋಡಿಕೊಳ್ಳಲು ಊರವರದೇ ಒಂದು ಸಮಿತಿ, ಅದಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಅಧ್ಯಕ್ಷರು. ಒಂದು ವರ್ಷ ಆಡಿದ ಮೇಲೆ, ಸಮಿತಿಯಲ್ಲಿ ಹೆಂಗಸರು ಯಾರೂ ಇಲ್ಲ ಎಂದು ನಾನು ಜಗಳ ತೆಗೆದದ್ದಕ್ಕೆ ನನ್ನನ್ನೂ ಸೇರಿಸಿಕೊಂಡರು. ಗಾಲ್ಫಿನಲ್ಲಿ ಹೊಡೆಯುವುದು ಒಂದು ಗಳಿಗೆ, ಉಳಿದದ್ದೆಲ್ಲ ನಡೆಯುವುದು. ನನಗೆ ಬೇಕಾದದ್ದೂ ಅದೇ.

ಪದವಿನ ಬುಡದಲ್ಲಿ ನಮ್ಮದು ಅಕ್ಕಪಕ್ಕ ಎರಡು ಮನೆ, ಸುತ್ತ ಒಂದೇ ಬೇಲಿ. ಇನ್ನೊಂದು ಮನೆ ನನ್ನ ಗಂಡನ ಅಕ್ಕನದು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಮನೆಯ ಉಳಿದವರೆಲ್ಲ ಬೆಳಿಗ್ಗೆಯ ಬಸ್ಸಿಗೆ ಮೂಡುಬಿದಿರೆಗೆ ಕೆಲಸಕ್ಕೆ ಹೋದರೆ ಅತ್ತಿಗೆಯೂ ಅವರ ದನವೂ ಇಡೀ ದಿನ ಒಬ್ಬರಿಗೊಬ್ಬರು. ಊರ ತಳಿಯ ಗಿಡ್ಡ ಕೆಂಪು ದನ. ಅತ್ತಿಗೆಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ ನಾವು ಯಾರಾದರೂ ಮಾತಾಡಿಸಿದರೆ ಚುಟುಕಾಗಿ ಉತ್ತರ ಕೊಡುವವರು ಕೊಟ್ಟಿಗೆಯಲ್ಲಿ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಾರೆ. ದನಕ್ಕೆ ನೀರು ಅವರ ಬಾವಿಯದ್ದೇ ಆಗಬೇಕು. ಪಂಚಾಯತಿನ ನಳ್ಳಿ ನೀರು ನಮ್ಮ ಮನೆಗೆ ಬರುತ್ತದೆ, ಸ್ವಲ್ಪ ಎತ್ತರದಲ್ಲಿರುವ ಅವರ ಮನೆಗೆ ಏರುವುದಿಲ್ಲ. ನಾವು ಪೈಪು ಹಾಕಿಕೊಡುತ್ತೇವೆಂದರೂ ಅತ್ತಿಗೆ ಒಪ್ಪಲಿಲ್ಲ. "ಮದ್ದು ಹಾಕಿದ ನೀರು ಅದು ಮೂಸಿಯೂ ನೋಡುದಿಲ್ಲ" ಎಂದುಬಿಟ್ಟರು. ಮೂಸಿ ನೋಡುವುದಿಲ್ಲ ಎನ್ನುವುದು ನಿಜ, ನಾನೇ ಒಂದು ಬಕೆಟ್ ಇಟ್ಟು ನೋಡಿದ್ದೇನೆ. ಮುಖ ತಿರುಗಿಸಿ ನಿಂತಿತು.

ಮೈದಾನ ಆದ ಹೊಸತರಲ್ಲಿ ಹುಲ್ಲಿಗೆ ನೀರು ಬೇಕೆಂದು ಪದವಿನ ಮೇಲೆ ಒಂದು ಬೋರ್‌ವೆಲ್ ಕೊರೆದಿದ್ದರು. ಆ ವರ್ಷದಿಂದ ಅತ್ತಿಗೆಯ ಬಾವಿಯ ಒರತೆ ಕೆಳಗೆ ಹೋಯಿತು. ಬಾವಿಯ ಗೋಡೆಯಲ್ಲಿ ಒಂದು ಜರಿಗಿಡ ಹುಟ್ಟಿಕೊಂಡಿದೆ. ನೀರು ಆ ಗಿಡಕ್ಕಿಂತ ಕೆಳಗಿಳಿದರೆ ಪಂಪು ಗಾಳಿ ಎಳೆಯುತ್ತದೆ, ಆಮೇಲೆ ಮಳೆ ಬರುವ ತನಕ ರಾಟೆ, ಹಗ್ಗ, ಕೊಡಪಾನ. ಮೊದಲೆಲ್ಲ ಮೇ ತಿಂಗಳಲ್ಲಿ ನಾಲ್ಕು ದಿನ ಇದ್ದ ಈ ಕಷ್ಟ ಈಗ ಶಿವರಾತ್ರಿ ಕಳೆಯುವಾಗಲೇ ಶುರು. ಇಷ್ಟು ಮಾಡಿಯೂ ಆ ಬೋರ್‌ವೆಲ್ ಎರಡು ಬೇಸಗೆ ನೀರು ಕೊಟ್ಟು ಒಣಗಿಹೋಯಿತು.

ಹೋದ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಸಮಿತಿಯಲ್ಲಿ ಅಧ್ಯಕ್ಷರು, ಇನ್ನೂ ಆಳಕ್ಕೆ ಇನ್ನೊಂದು ಬೋರ್‌ವೆಲ್ ಹಾಕಿಸುವ ಎಂದರು. ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಗುಂಡಿಗೆ ಬೀಳಿಸಬೇಕು. ಹೊರಗಿನಿಂದ ತಂದು ಹಾಸಿದ ಆ ಹುಲ್ಲು ಕುಡಿಯುವ ನೀರು ನಮ್ಮ ಎರಡು ಮನೆಯವರು ಸೇರಿದರೂ ಕುಡಿಯಲಿಕ್ಕಿಲ್ಲ. ಬೇಸಗೆಯಲ್ಲಿ ಗ್ರೀನ್ ಒಣಗಿದರೆ ಆಡುವವರು ಮಂಗಳೂರಿಗೆ ಹೋಗುತ್ತಾರೆ, ಆಡುವವರು ಇಲ್ಲದಿದ್ದರೆ ಮೈದಾನವನ್ನು ಸರ್ಕಾರ ಬೇರೆ ಯಾವುದಕ್ಕಾದರೂ ಕೊಟ್ಟುಬಿಡುತ್ತದೆ ಎನ್ನುವುದು ಅಧ್ಯಕ್ಷರ ಲೆಕ್ಕಾಚಾರ. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ನನ್ನ ಕಣ್ಣಿಗೆ ಕಂಡದ್ದು ಆ ಜರಿಗಿಡ. ಎರಡನೆಯ ಬೋರ್‌ವೆಲ್ ಬಿದ್ದರೆ ಬಾವಿಯ ಕಥೆ ಮುಗಿಯಿತು. ಬಾವಿ ಬತ್ತಿದರೆ ದನವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಅತ್ತಿಗೆ ಹಿಂದಿನ ಬೇಸಗೆಯಲ್ಲೇ ಹೇಳಿದ್ದರು. ಅತ್ತಿಗೆ ಒಂದು ಮಾತು ಎರಡು ಸಲ ಹೇಳುವವರಲ್ಲ.

ನಾನು ಸಭೆಯಲ್ಲೇ ಎದ್ದು ನಿಂತು ಕೂಗಾಡಿದೆ. ಕೂಗಾಡಿದ್ದಕ್ಕೆ ಅಧ್ಯಕ್ಷರು ಒಂದು ದಾರಿ ತೋರಿಸಿದರು. ಸಾರ್ವಜನಿಕರ ಸಭೆ ಕರೆದು ಸಲಹೆ ಕೇಳುವ, ನೀರು ಕಮ್ಮಿ ಬೇಕಾಗುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಲಿ ಎಂದರು.

ನಮ್ಮ ಜಿಲ್ಲೆಯ ಸಭೆ ಗೊತ್ತಲ್ಲ? ಫ್ಲೆಕ್ಸ್ ಕಟ್ಟಿದರು. ಪ್ರಾರ್ಥನೆ ಆಯಿತು, ದೀಪ ಹಚ್ಚಿದ್ದಾಯಿತು, ಸ್ವಾಗತ ಆಯಿತು, ಸ್ವಾಗತ ಮಾಡಿದವರನ್ನೂ ಇನ್ನೊಬ್ಬರು ಸ್ವಾಗತಿಸಿದರು. ಬೆಳ್ತಂಗಡಿಯಿಂದ ಬಂದ ಮುಖ್ಯ ಅತಿಥಿಗಳು ಪ್ರಕೃತಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾನು ಕುರ್ಚಿಯ ಕಾಲಿಗೆ ಕಾಲು ಬಡಿಯುತ್ತಾ ಕೂತಿದ್ದೆ, ಪಕ್ಕದವರು ಎರಡು ಸಲ ತಿರುಗಿ ನೋಡಿದರು. ಕಡೆಗೆ ಅಧ್ಯಕ್ಷರು ಮೈಕ್ ಹಿಡಿದು, "ಮೈದಾನವನ್ನು ಸುಸ್ಥಿರವಾಗಿ ಅಭಿವೃದ್ಧಿಪಡಿಸುವ ನಿಟ್ಟಿನಲ್ಲಿ ತಾವೆಲ್ಲರೂ ತಮ್ಮ ಅಮೂಲ್ಯ ಸಲಹೆಗಳನ್ನು ನೀಡಬೇಕಾಗಿ ವಿನಂತಿ" ಎಂದರು. ಒಬ್ಬರಾದರೂ ಬಾಯಿ ಬಿಡಬೇಕೇ! ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಕಟ್ಟೆಯಲ್ಲಿ ತುಳುವಿನಲ್ಲಿ ಊರನ್ನೇ ತಿರುಗಿಸಿ ಹಾಕುವ ಜನ, ಮೈಕ್ ಎದುರು ಪುಸ್ತಕದ ಕನ್ನಡ ಮಾತಾಡಬೇಕು ಎಂದದ್ದೇ ಬಾಯಿಗೆ ಬೀಗ ಹಾಕಿಕೊಂಡರು. ಧನ್ಯವಾದ ಹೇಳಿ ಸಭೆ ಮುಗಿಸಿದರು.

ಚಾ ಮತ್ತು ಗೋಳಿಬಜೆ ಬಂದ ಮೇಲೆ ನಿಜವಾದ ಸಭೆ ಶುರುವಾಯಿತು. ಅಂಚಿನಲ್ಲಿ ಬೆಳೆದ ಹುಲ್ಲನ್ನು ಮಿಷನ್ನಿನಿಂದ ಕತ್ತರಿಸುವ ಬದಲು ದನ ಸಾಕುವ ಹೆಂಗಸರಿಗೆ ಕೊಯ್ಯಲು ಬಿಡಬಾರದಾ ಎಂದರು ಒಬ್ಬರು. ಮಳೆನೀರು ಓಡಿಹೋಗುವಲ್ಲಿ ಅಡ್ಡ ಕಟ್ಟ ಹಾಕಿ ಇಂಗಿಸುವ ಎಂದರು ಇನ್ನೊಬ್ಬರು. ಆಡು ಬಿಡುವ ಎಂದರು. ಆಡು ಚೆಂಡು ತಿಂದರೆ ಎಂತ ಮಾಡುದು ಎಂದು ಇನ್ಯಾರೋ ಕೇಳಿ ಎಲ್ಲರೂ ನಕ್ಕರು. ಎಲ್ಲ ಒಳ್ಳೆಯ ಮಾತೇ. ಆದರೆ ಗ್ರೀನಿಗೆ ಬೇಸಗೆಯಲ್ಲಿ ನೀರು ಎಲ್ಲಿಂದ ಎನ್ನುವ ಪ್ರಶ್ನೆ ಹಾಗೆಯೇ ಉಳಿಯಿತು. ಅಧ್ಯಕ್ಷರು ಗೋಳಿಬಜೆ ಚಟ್ನಿಗೆ ಅದ್ದಿ, "ಬೋರ್ ಹಾಕದೆ ಆಗುದಿಲ್ಲ ಟೀಚರ್" ಎಂದರು.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಗ್ರೀನ್ ಯಾಕೆ? ಅಂಗಳ ಮಾಡುವ."

ಬಾಯಿಗೆ ಬಂದದ್ದು ಎಂದರೂ ಅದು ಗಾಳಿಯಿಂದ ಬಂದದ್ದಲ್ಲ. ಚೆಂಡು ತಳ್ಳುವುದನ್ನು ನಾನು ಅಭ್ಯಾಸ ಮಾಡಿಕೊಂಡದ್ದೇ ಅತ್ತಿಗೆಯ ಅಂಗಳದಲ್ಲಿ. ನಮ್ಮ ಕಡೆ ಮಳೆ ನಿಂತ ಮೇಲೆ ಅಂಗಳ ಮಾಡುವುದು ಎಂದರೆ ದೊಡ್ಡ ಕೆಲಸ. ಮಳೆಗೆ ಕೊರೆದುಹೋದ ನೆಲವನ್ನು ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಲ್ಲಿ ಬಡಿದು ಬಡಿದು ಗಟ್ಟಿ ಮಾಡಿ, ಮೇಲೆ ಸೆಗಣಿ ಸಾರಿಸುತ್ತಾರೆ. ಅಡಿಕೆ ಒಣಗಿಸುವುದು, ಭತ್ತ ಹರಡುವುದು, ಹಪ್ಪಳ ಹಾಕುವುದು ಎಲ್ಲ ಅದರ ಮೇಲೆಯೇ. ನಮ್ಮ ಮನೆಯಲ್ಲಿ ನನ್ನ ಗಂಡ ಸಿಮೆಂಟ್ ಇಟ್ಟಿಗೆ ಹಾಸಿ ಆ ಕೆಲಸಕ್ಕೆ ಮಂಗಳ ಹಾಡಿದ್ದಾರೆ. ಅತ್ತಿಗೆ ಬಿಟ್ಟಿರಲಿಲ್ಲ. ಅವರ ಅಂಗಳದಲ್ಲಿ ನಾನು ತೆಂಗಿನ ಗೆರಟೆ ಮಗುಚಿಟ್ಟು ಅದಕ್ಕೆ ಚೆಂಡು ತಾಗಿಸುತ್ತಿದ್ದೆ. ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಅತ್ತಿಗೆ ಕೊಟ್ಟಿಗೆಯಿಂದ ಕೂಗುತ್ತಿದ್ದರು: "ಎಂತ ಬೇಕಾದ್ರೂ ಆಡು, ಆ ಬೂಟ್ಸು ಮಾತ್ರ ಕೆಳಗೆ ಬಿಟ್ಟು ಬಾ."

ಚಾ ಕುಡಿಯುತ್ತಿದ್ದವರಲ್ಲಿ ಹೆಚ್ಚಿನವರು ನಕ್ಕರು. ನಗದವರು ಒಬ್ಬರೇ, ಗಲ್ಫಿನಿಂದ ವಾಪಸು ಬಂದು ಈಗ ಹೆದ್ದಾರಿ ಬದಿಯಲ್ಲಿ ಹೋಟೆಲ್ ನಡೆಸುವವರು. ಅವರು ಆಟದಲ್ಲಿ ನಮ್ಮೆಲ್ಲರಿಗಿಂತ ಮುಂದೆ. "ಟೀಚರ್ ಹೇಳುದು ಸರಿ ಉಂಟು" ಎಂದರು. "ಅಲ್ಲಿ ಮರುಭೂಮಿಯಲ್ಲಿ ನಾವು ಎಂತ ಹುಲ್ಲಿನ ಮೇಲೆ ಆಡಿದ್ದಾ? ಮರಳಿಗೆ ಎಣ್ಣೆ ಹಾಕಿ ಗಟ್ಟಿ ಮಾಡಿ ಅದರ ಮೇಲೆ ಆಡಿದ್ದು. ಗ್ರೀನ್ ಅಲ್ಲ, ಬ್ರೌನ್ ಅಂತ ಹೇಳ್ತಾರೆ ಅದಕ್ಕೆ." ಗಲ್ಫಿನಲ್ಲಿ ಉಂಟು ಎಂದದ್ದೇ ಎಲ್ಲರ ಮುಖ ಗಂಭೀರವಾಯಿತು. ನಾನು ಹೇಳಿದಾಗ ತಮಾಷೆಯಾಗಿದ್ದದ್ದು ಈಗ ಉಪಾಯವಾಯಿತು. ಹೊಟ್ಟೆ ಉರಿದರೂ ಸುಮ್ಮನಿದ್ದೆ, ಕೆಲಸ ಆಗಬೇಕಿತ್ತು.

ಅಧ್ಯಕ್ಷರು ಒಪ್ಪಿದರು, ಆದರೆ ಬ್ಯಾಂಕಿನವರ ಹಾಗೆ ಒಪ್ಪಿದರು. ಒಂದೇ ಒಂದು ಗುಂಡಿಗೆ ಮಾಡಿ ನೋಡುವುದು, ಮೂರನೆಯದಕ್ಕೆ, ಅದು ಹೇಗೂ ಒಣಗಿಹೋಗಿದೆ. ಏಪ್ರಿಲಿನಲ್ಲಿ ವಿಷು ಹಬ್ಬ ಕಳೆದ ಮೇಲಿನ ಭಾನುವಾರ ಎಲ್ಲರೂ ಅದರ ಮೇಲೆ ಆಡುವುದು. ಸರಿ ಕಂಡರೆ ಮುಂದೆ ಒಂಬತ್ತಕ್ಕೂ ಅದೇ. ಸರಿ ಕಾಣದಿದ್ದರೆ ಅದೇ ದಿನ ಬೋರ್‌ವೆಲ್.

ಅತ್ತಿಗೆಗೆ ಹೇಳಿದೆ. ಅವರು ದನದ ಮೈ ತಿಕ್ಕುತ್ತಾ, "ಚೆಂಡಾಡ್ಲಿಕ್ಕೆ ಸೆಗಣಿಯಾ?" ಎಂದು ಒಮ್ಮೆ ಕೇಳಿದರು. ಮಾರನೆಯ ದಿನ ನೆರೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆ ಹಿಡಿದು ಪದವು ಹತ್ತಿದರು. ಸತ್ತ ಹುಲ್ಲು ಕಿತ್ತು, ಗದ್ದೆಯ ಜೇಡಿಮಣ್ಣನ್ನು ಕೆಂಪುಮಣ್ಣಿಗೆ ಬೆರೆಸಿ ಹಾಕಿ ಬಡಿದೆವು. ನನ್ನ ಕೈ ಎಲ್ಲರಿಗಿಂತ ಬೇಗ ಓಡುತ್ತಿತ್ತು. "ಮೆಲ್ಲ ಬಡಿ, ಅದು ಓಡಿ ಹೋಗುದಿಲ್ಲ" ಎಂದರು ಅತ್ತಿಗೆ. ಕಡೆಗೆ ಸೆಗಣಿಗೆ ಸ್ವಲ್ಪ ಮಸಿ ಕಲಸಿ, ಅಡಿಕೆ ಹಾಳೆಯ ತುಂಡು ಹಿಡಿದು ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ ಅವರು ಸಾರಿಸಿದ್ದನ್ನು ನಾನು ನಿಂತು ನೋಡಿದೆ. ಒಂದು ಗೆರೆ ಇನ್ನೊಂದರ ಮೇಲೆ ಹತ್ತಲಿಲ್ಲ. ಸಂಜೆ ಒಣಗಿದ ಮೇಲೆ ಚೆಂಡು ಬಿಟ್ಟೆ. ಅದು ನೇರವಾಗಿ ಹೋಗಿ ಗುಂಡಿಗೆ ಬಿತ್ತು. ನಾನು ಕುಣಿದೆ, ಸುಳ್ಳು ಯಾಕೆ ಹೇಳಲಿ, ನಿಜವಾಗಿ ಕುಣಿದೆ.

ಅಲ್ಲಿಂದ ನನಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲು ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುವುದು, ಜರಿಗಿಡ ಎಲ್ಲಿ, ನೀರು ಎಲ್ಲಿ. ಅಲ್ಲಿಂದ ಪದವಿಗೆ ಓಡಿ ಅಂಗಳದಲ್ಲಿ ಬಿರುಕು ಬಿಟ್ಟಿದೆಯಾ ನೋಡುವುದು. ಮುರಕಲ್ಲಿನ ಬಿಸಿಲಿಗೆ ಅಂಗಳ ಬೇಗ ಪುಡಿಯೇಳುತ್ತಿತ್ತು, ಮನೆಯ ಅಂಗಳಕ್ಕಿಂತ ಹೆಚ್ಚು ಸಲ ಸಾರಿಸಬೇಕಾಯಿತು. ಪ್ರತಿ ಸಲ ಬುಟ್ಟಿ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಇನ್ನೂ ಸ್ವಲ್ಪ ಸಿಕ್ಕಿದರೆ ಚೆನ್ನಾಗಿತ್ತು ಎಂದು ಗೊಣಗಿದ್ದಕ್ಕೆ ಅತ್ತಿಗೆ, "ದನ ಒಂದೇ ಇರುದು ಮಾರಾಯ್ತಿ. ಅದಕ್ಕೂ ಹೊಟ್ಟೆ ಒಂದೇ" ಎಂದರು. ಆದರೂ ಬುಟ್ಟಿ ತುಂಬಿಸಿ ಕೊಟ್ಟರು. ಕೊಡುವಾಗ ಎಡಗೈಯಿಂದ ಬಲ ಭುಜವನ್ನು ನೀವಿಕೊಂಡರು. ಮಾರ್ಚಿನಲ್ಲಿ ನೀರು ಜರಿಗಿಡದಿಂದ ಕೆಳಗೆ ಇಳಿದಿತ್ತು, ಪಂಪು ನಿಂತು ರಾಟೆ ಶುರುವಾಗಿತ್ತು. ಹಗ್ಗ ಎಳೆಯುವ ಕಿರ್ ಕಿರ್ ಶಬ್ದ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಇನ್ನೂ ನೀರು ಉಂಟು ಎಂದು ನನಗೆ ಆ ಶಬ್ದ ಕೇಳಿದರೇ ಸಮಾಧಾನ.

ಆ ಭಾನುವಾರ ನಾನು ಆರು ಗಂಟೆಗೆ ಮೊದಲೇ ಪದವು ಹತ್ತಿದೆ. ಎಲ್ಲ ಸರಿಯಿತ್ತು. ಹಿಂದಿನ ದಿನ ಸಾರಿಸಿದ ಅಂಗಳ ಕಪ್ಪಗೆ ನುಣ್ಣಗೆ ಮಿರುಗುತ್ತಿತ್ತು. ಬಾಗಿಲ ಹತ್ತಿರ ಹೋಗಿ ಆಡುವವರನ್ನು ಕಾಯುತ್ತಾ ನಿಂತೆ. ಮೊದಲು ಬಂದದ್ದು ಎರಡು ಲಾರಿ. ಒಂದರ ಮೇಲೆ ಬೋರ್ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಪೈಪುಗಳು. ಹಿಂದೆಯೇ ಕಾರಿನಲ್ಲಿ ಬಂದ ಅಧ್ಯಕ್ಷರು ಮುಖ ತಪ್ಪಿಸಿ, "ಈ ಸೀಸನ್ನಿನಲ್ಲಿ ಲಾರಿ ಸಿಕ್ಕುದೇ ಕಷ್ಟ ಟೀಚರ್. ಬೇಕಾದ್ರೆ ಇರ್ಲಿ, ಬೇಡದಿದ್ರೆ ಹೋಗ್ಲಿ" ಎಂದರು. ಡ್ರೈವರು ಲಾರಿಯ ನೆರಳಿನಲ್ಲಿ ಚಾಪೆ ಹಾಸಿ ಮಲಗಿದ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಆಡುವವರೆಲ್ಲ ಸೇರಿ, ಮೊದಲ ಎರಡು ಗುಂಡಿ ಮುಗಿಸಿ ಮೂರನೆಯದಕ್ಕೆ ಬರುವಾಗ ಬಿಸಿಲು ಏರಿತ್ತು. ನಾನೇ ಮುಂದೆ ಓಡಿದೆ. ನೋಡುತ್ತೇನೆ, ಅಂಗಳದ ಮುಕ್ಕಾಲು ಭಾಗ ಹಲಸಿನ ಹಪ್ಪಳ! ಹಳೆಯ ಸೀರೆ ಹಾಸಿ, ಅದರ ಮೇಲೆ ಸಾಲು ಸಾಲಾಗಿ, ಗುಂಡಿಯ ಬಾಯಿಯವರೆಗೂ ಹಪ್ಪಳ. ಅಂಚಿನಲ್ಲಿ ಕೊಡೆ ಬಿಡಿಸಿಕೊಂಡು, ಕಾಗೆ ಓಡಿಸಲು ಕೋಲು ಹಿಡಿದುಕೊಂಡು ಕೂತವರು ನನ್ನ ಅತ್ತಿಗೆ.

"ಅಯ್ಯೋ ದೇವರೇ! ಎಂತ ಮಾಡಿದ್ದು ಅತ್ತಿಗೆ ನೀವು? ಇವತ್ತೇ ಆಗ್ಬೇಕಿತ್ತಾ? ನಿಮ್ಮ ಮನೆಯಲ್ಲಿ ಅಂಗಳ ಇಲ್ವಾ?"

"ಎಲ್ಲಿ ಉಂಟು?" ಎಂದರು ಅತ್ತಿಗೆ. ಸ್ವರ ಏರಿಸಲಿಲ್ಲ. "ಸೆಗಣಿ ಎಲ್ಲ ಇಲ್ಲಿಗೆ ಬಂದದ್ದಲ್ವಾ? ನನ್ನ ಅಂಗಳ ಈ ವರ್ಷ ಸಾರಿಸ್ಲೇ ಇಲ್ಲ, ಧೂಳು ಏಳ್ತದೆ. ಹಲಸು ಬೇಯಿಸಿ ಆಗಿತ್ತು, ಬಿಸಿಲು ಚಂದ ಉಂಟು. ನನ್ನ ಸೆಗಣಿ ಎಲ್ಲಿ ಉಂಟೋ ಅಲ್ಲಿಗೆ ಬಂದೆ."

ದಿನಾ ಅವರ ಅಂಗಳ ದಾಟಿಯೇ ಕೊಟ್ಟಿಗೆಗೆ ಹೋಗುತ್ತಿದ್ದವಳು ನಾನು, ಅಂಗಳದ ಮುಖವನ್ನೇ ನೋಡಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು, ಹೋಟೆಲಿನವರು, ಮೂಡುಬಿದಿರೆಯಿಂದ ಆಡಲು ಬರುವ ಡಾಕ್ಟರುಗಳು ಎಲ್ಲ ಬಂದು ತಲುಪಿದರು. ಮುಗಿಯಿತು ಎಂದುಕೊಂಡೆ. ಲಾರಿಯ ಡ್ರೈವರನ್ನು ಎಬ್ಬಿಸಲು ಯಾರನ್ನಾದರೂ ಕಳಿಸುತ್ತಾರೆ ಎಂದುಕೊಂಡೆ.

ಅಧ್ಯಕ್ಷರು ಅಂಗಳದ ಅಂಚಿಗೆ ಬಂದರು, ಹಪ್ಪಳ ನೋಡಿದರು, ಅತ್ತಿಗೆಯನ್ನು ನೋಡಿದರು. ಆಮೇಲೆ ಬಗ್ಗಿ ಬೂಟಿನ ಲೇಸ್ ಬಿಚ್ಚತೊಡಗಿದರು. ಅವರನ್ನು ನೋಡಿ ಹೋಟೆಲಿನವರು, ಅವರನ್ನು ನೋಡಿ ಉಳಿದವರು. ಸಾರಿಸಿದ ಅಂಗಳ, ಮೇಲೆ ಹಪ್ಪಳ ಒಣಗುತ್ತಿದೆ, ಬೂಟು ಹಾಕಿಕೊಂಡು ಅದನ್ನು ತುಳಿಯಲು ನಮ್ಮ ಕಡೆ ಹುಟ್ಟಿದ ಯಾರ ಕಾಲಿಗೂ ಆಗುವುದಿಲ್ಲ. ದುಬಾರಿ ಬೂಟುಗಳೆಲ್ಲ ಮದುವೆ ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ ಒಂದು ಬದಿಯಲ್ಲಿ ರಾಶಿ ಬಿದ್ದವು.

"ಆ ಬದಿಯಿಂದ ಆಡಿ" ಎಂದು ಅತ್ತಿಗೆ ಕೋಲಿನಲ್ಲಿ ತೋರಿಸಿದರು. "ಹಪ್ಪಳಕ್ಕೆ ಚೆಂಡು ತಾಗಿದ್ರೆ ನನಗೆ ಬೇಸರ ಇಲ್ಲ. ಕಾಲು ತಾಗಿದ್ರೆ ಬಯ್ತೇನೆ."

ಬರಿಗಾಲಲ್ಲಿ, ಉಸಿರು ಬಿಗಿಹಿಡಿದು, ಹಪ್ಪಳದ ಸಾಲಿನ ಪಕ್ಕದಲ್ಲಿ ಬಿಟ್ಟ ಸಣ್ಣ ಓಣಿಯಲ್ಲಿ ಅವರು ಆಡಿದರು. ಚೆಂಡು ಓಡಿದ ರೀತಿ ನೋಡಿ ಹೋಟೆಲಿನವರು, "ಅಲ್ಲಿಯ ಎಣ್ಣೆ ಮರಳಿಗಿಂತ ಇದು ಲಾಯ್ಕ್ ಉಂಟು" ಎಂದರು. ಡಾಕ್ಟರೊಬ್ಬರು ಚಿಕ್ಕ ಮಗುವಿನ ಹಾಗೆ ಹಸಿ ಹಪ್ಪಳದ ಅಂಚು ಕಿತ್ತು ಬಾಯಿಗೆ ಹಾಕಿಕೊಂಡದ್ದನ್ನು ಅತ್ತಿಗೆ ಕಂಡರೂ ಕಾಣದ ಹಾಗೆ ಕೂತರು. ಅಧ್ಯಕ್ಷರು ಎರಡು ಸಲ ಆಡಿದರು. ಎರಡನೆಯ ಸಲ ಚೆಂಡು ಗುಂಡಿಗೆ ಬಿದ್ದಾಗ ಅವರ ಮುಖ ಅರಳಿತು. ಅಲ್ಲೇ ನಿಂತು ಎಲ್ಲರನ್ನೂ ಕೇಳಿದರು. ಬೋರ್ ಬೇಡ ಎಂದು ತೀರ್ಮಾನವಾಯಿತು. ದನ ಇರುವ ಬೇರೆ ಮನೆಗಳಿಂದಲೂ ಸೆಗಣಿ ತೆಗೆದುಕೊಳ್ಳುವುದು, ಅವರಿಗೆ ಅಂಚಿನ ಹುಲ್ಲು ಕೊಯ್ಯಲು ಬಿಡುವುದು, ಚಾ ಕುಡಿಯುವಾಗ ಬಂದ ಮಾತುಗಳೆಲ್ಲ ಅಲ್ಲಿ ಬಿಸಿಲಲ್ಲಿ ನಿಂತೇ ಒಪ್ಪಿಗೆಯಾದವು. ಅತ್ತಿಗೆ ಮಾತ್ರ ಯಾರ ಕಡೆಗೂ ನೋಡದೆ ಒಂದು ಬದಿ ಒಣಗಿದ ಹಪ್ಪಳ ಮಗುಚಿ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ದನಕ್ಕೆ ನೀರಿನ ಹೊತ್ತಾಯಿತೆಂದು ಹೇಳಿ, ಕಾಗೆ ನೋಡುವ ಕೆಲಸವನ್ನು ಹಪ್ಪಳ ಹೊತ್ತು ಜೊತೆಗೆ ಬಂದಿದ್ದ ನೆರೆಯ ಹೆಂಗಸಿಗೆ ಕೊಟ್ಟು ಇಳಿದುಹೋದರು. ಅಧ್ಯಕ್ಷರು ಲಾರಿಯವನಿಗೆ ಫೋನ್ ಮಾಡಿ ಹೊರಡಲು ಹೇಳಿದರು. ಲಾರಿಗಳು ತಿರುಗಿ ಇಳಿಜಾರಿನಲ್ಲಿ ಮಾಯವಾಗುವ ತನಕ ನಾನು ಕಣ್ಣು ತೆಗೆಯಲಿಲ್ಲ.

ಆ ದಿನ ಒಂಬತ್ತೂ ಗುಂಡಿ ಆಡಿದೆ. ಒಂದೂ ನೆಟ್ಟಗೆ ಆಡಲಿಲ್ಲ, ಸಂತೋಷಕ್ಕೆ ಕೈ ನಿಲ್ಲುತ್ತಿರಲಿಲ್ಲ. ಲಾರಿ ಹೋದದ್ದನ್ನು ಅತ್ತಿಗೆಗೆ ಹೇಳಬೇಕು, ನನ್ನ ಗಂಡನಿಗೆ ಹೇಳಬೇಕು ಎಂದು ಕಡೆಗೆ ಚೀಲವನ್ನು ಅಲ್ಲೇ ಬಿಟ್ಟು ಪದವು ಇಳಿದೆ. ಅರ್ಧ ದಾರಿಗೆ ಬರುವಾಗ ಲಾರಿ ಹಿಂದೆ ತೆಗೆಯುವ ಟೀಂ ಟೀಂ ಶಬ್ದ ಕೇಳಿತು. ರಸ್ತೆಯಲ್ಲಿ ಎಂದುಕೊಂಡೆ. ಅಲ್ಲ. ನಮ್ಮ ಬೇಲಿಯ ಒಳಗೆ.

ಯಂತ್ರದ ಲಾರಿ ಎರಡು ಮನೆಗಳ ನಡುವೆ, ಬಾವಿಯಿಂದ ಹತ್ತು ಮಾರು ದೂರದಲ್ಲಿ ನಿಂತಿತ್ತು. ನೆಲದಲ್ಲಿ ಸುಣ್ಣದಿಂದ ಒಂದು ಗುರುತು. ನನ್ನ ಗಂಡ ಪಂಚೆ ಎತ್ತಿಕಟ್ಟಿ, ಹೀಗೆ ಬಾ, ಹಾಗೆ ಬಾ ಎಂದು ಕೈ ತೋರಿಸುತ್ತಿದ್ದರು. ನನ್ನನ್ನು ನೋಡಿ ಅವರ ಮುಖದಲ್ಲಿ ಹಬ್ಬದ ಕಳೆ. "ನಿನ್ನ ಗೋಲ್ಫಿನವರು ಬೇಡ ಅಂದ್ರಂತೆ. ಬಂದ ಲಾರಿ ಖಾಲಿ ಹೋಗುದು ಯಾಕೆ? ತಿರುವಿನಲ್ಲಿ ನಿಲ್ಲಿಸಿ, ಊಟ ಹಾಕಿ, ಜಾಗ ನೋಡಿಸಿದೆ. ನಮಗೂ ಆಯ್ತು, ಅಕ್ಕನ ಕೊಟ್ಟಿಗೆಗೂ ಒಂದು ಪೈಪ್ ಎಳೆಯುವ."

ನಾನು ಏನೇನು ಬಯ್ದೆನೋ ನೆನಪಿಲ್ಲ. ಶಾಲೆಯ ಸೀಟಿ ಇದ್ದಿದ್ದರೆ ಊದುತ್ತಿದ್ದೆ. ಪದವಿನ ಮೇಲೆ ಬೋರ್ ಬೇಡ ಎಂದು ಇಡೀ ಬೇಸಗೆ ಒದ್ದಾಡಿದ್ದು ಬಾವಿಯ ಪಕ್ಕದಲ್ಲಿ ಕೊರೆಸಲಿಕ್ಕಾ? ಮೇಲಿನದು ಎರಡು ವರ್ಷಕ್ಕೆ ಒಣಗಿದ್ದು ಕಾಣಲಿಲ್ವಾ? ಇದೂ ಒಣಗಿದರೆ ಬಾವಿಯೂ ಇಲ್ಲ, ಬೋರೂ ಇಲ್ಲ, ಆಮೇಲೆ ದನಕ್ಕೆ ಎಂತ ಕುಡಿಸುವುದು? ಇವರು ಕೈ ಕೆಳಗಿಳಿಸಿ ನಿಂತರು. "ಅಕ್ಕನನ್ನು ಕೇಳಿಯೇ ಮಾಡಿದ್ದು" ಎಂದರು ಮೆಲ್ಲಗೆ.

ತಿರುಗಿ ನೋಡಿದೆ. ಅತ್ತಿಗೆ ಬಾವಿಕಟ್ಟೆಯಲ್ಲಿ ಕೂತಿದ್ದರು. ಮಧ್ಯಾಹ್ನದ ನೀರು ಸೇದಿ ಸಾಕಾಗಿ ಕೂತದ್ದು, ಪಕ್ಕದಲ್ಲಿ ತುಂಬಿದ ಕೊಡಪಾನ.

"ನಾನೇ ಹೂಂ ಅಂದದ್ದು" ಎಂದರು. "ಬಾವಿ ಉಳಿಸ್ಲಿಕ್ಕೆ ಹೊರಟದ್ದು ನೀನು. ಸೇದುದು ನಾನು."

ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಲು ಹೋದರು. ಅರ್ಧಕ್ಕೇ ನಿಂತಿತು. ಅಷ್ಟೇ, ಬೇರೆ ಏನೂ ತೋರಿಸಲಿಲ್ಲ. ಕೊಟ್ಟಿಗೆಯಲ್ಲಿ ದನ ಯಂತ್ರದ ಶಬ್ದಕ್ಕೆ ಹೆದರಿ ಹಗ್ಗ ಜಗ್ಗುತ್ತಿತ್ತು. ನನಗೆ ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು. ಅಡುಗೆಮನೆಯಲ್ಲಿ ನಿಂತು ದಿನಾ ಆ ಕಿರ್ ಕಿರ್ ಕೇಳಿ ಖುಷಿಪಡುತ್ತಿದ್ದೆನಲ್ಲ!

"ನಾನು ಸೇದ್ತೇನೆ" ಎಂದೆ.

"ಎಷ್ಟು ದಿನ?"

"ಮಳೆ ಬರುವ ತನಕ."

"ನಾಲ್ಕು ದಿನ ಸೇದ್ತಿ. ಐದನೇ ದಿನ ಇನ್ನೆಂತಾದ್ರೂ ತಲೆಗೆ ಹಿಡ್ಕೊಂಡು ಓಡ್ತಿ. ನಿನ್ನನ್ನು ನಾನು ಇವತ್ತು ನೋಡುದಾ?"

ಅವರು ಹೇಳಿದ್ದು ನಿಜ. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಏನಮ್ಮಾ, ಬೇಕಾ ಬೇಡ್ವಾ? ಟೈಮ್ ಆಯ್ತು" ಎಂದ. ನಾನು ಹೋಗಿ ಹಗ್ಗ ಹಿಡಿದೆ. ಕೊಡಪಾನ ಇಳಿಸಿದೆ, ಎಳೆದೆ. ನರಿಕೊಂಬಿನ ನದಿ ಬದಿಯಲ್ಲಿ ಹುಟ್ಟಿದವಳಿಗೆ ಬಾವಿ ಸೇದಿ ಅಭ್ಯಾಸವಿಲ್ಲ, ನೀರು ಅರ್ಧ ದಾರಿಯಲ್ಲೇ ತುಳುಕಿತು. ತಂದು ಕೊಟ್ಟಿಗೆಯ ಬಾನಿಗೆ ಸುರಿದೆ. ಇನ್ನೊಂದು ಎಳೆದೆ. ಇನ್ನೂ ಒಂದು. ದನ ಬಾನಿಗೆ ಮೂತಿ ಹಾಕಿ ಕುಡಿಯತೊಡಗಿತು.

ಅತ್ತಿಗೆ ಎದ್ದು ಲಾರಿಯ ಹತ್ತಿರ ಹೋದರು. "ಇವತ್ತು ಬೇಡ" ಎಂದರು. "ಇವಳು ಸೇದ್ತಾಳಂತೆ. ಇವಳಿಗೆ ಬೇಸರ ಬಂದ ದಿನ ಫೋನ್ ಮಾಡ್ತೇನೆ, ನಿಮ್ಮ ನಂಬರ್ ಕೊಡಿ." ಡ್ರೈವರು ಗೊಣಗುತ್ತಾ ಡ್ಯಾಶ್‌ಬೋರ್ಡಿನಿಂದ ಒಂದು ಸ್ಟಿಕ್ಕರ್ ತೆಗೆದುಕೊಟ್ಟ. ಅಂಥ ಸ್ಟಿಕ್ಕರುಗಳನ್ನು ಬಸ್‌ಸ್ಟ್ಯಾಂಡಿನ ಕಂಬಗಳಲ್ಲಿ ನೀವು ನೋಡಿರುತ್ತೀರಿ, ಹಳದಿ ಬಣ್ಣ, ದೊಡ್ಡ ಅಂಕಿ. ಅತ್ತಿಗೆ ಅದನ್ನು ರಾಟೆಯ ಕಂಬಕ್ಕೆ ಅಂಟಿಸಿದರು, ಹಗ್ಗ ಎಳೆಯುವವರ ಕಣ್ಣಿಗೆ ನೇರವಾಗಿ.

ಈಗ ಮೇ ತಿಂಗಳು. ಬೆಳಿಗ್ಗೆ ಮತ್ತು ಸಂಜೆ ಸೇದುತ್ತೇನೆ. ಅಂಗೈಯ ಗುಳ್ಳೆ ಒಡೆದು ಗಟ್ಟಿಯಾಗಿದೆ. ಅತ್ತಿಗೆಯ ಅಂಗಳವನ್ನೂ ಒಮ್ಮೆ ಸಾರಿಸಿದ್ದಾಯಿತು, ನನ್ನ ಗೆರೆಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಬಾವಿಯ ತಳದಲ್ಲಿ ನೀರು ಉಂಟು, ಸೇದಿದಷ್ಟು ನಿಧಾನವಾಗಿ ಮತ್ತೆ ಬರುತ್ತದೆ, ಅದು ಬರುವ ತನಕ ಕಟ್ಟೆಯಲ್ಲಿ ಕೂರಬೇಕು. ಕೂರುವುದೇ ಕಷ್ಟ. ದಿನಾ ಬೆಳಿಗ್ಗೆ ಕೊಟ್ಟಿಗೆಯ ಒಳಗಿನಿಂದ ಅತ್ತಿಗೆ ಕೇಳುತ್ತಾರೆ, "ಬೇಸರ ಬಂತಾ?" ಇಲ್ಲ ಎನ್ನುತ್ತೇನೆ.

ನಿನ್ನೆ ಉತ್ತರ ಕೊಡಲು ನಾನು ಸ್ವಲ್ಪ ತಡಮಾಡಿದೆ. ಅತ್ತಿಗೆ ಕೊಟ್ಟಿಗೆಯಿಂದ ಹೊರಗೆ ಬಂದು, ರಾಟೆಯ ಕಂಬದ ಪಕ್ಕದಲ್ಲಿ ನಿಂತು ನನ್ನನ್ನೇ ನೋಡಿದರು. ನಾನು ಎದ್ದು ಹಗ್ಗ ಎಳೆದೆ.